ಹಳದಿ ಚೌಕ

ಮೆಕ್ಕೆಜೋಳದ ಸೀಸನ್ನಿಗೆ ದಾವಣಗೆರೆಯ ಎಪಿಎಂಸಿಯಲ್ಲಿ
ಕಂಪ್ಯೂಟರುಗಳೂ ಕೆಮ್ಮುತ್ತವೆ.
ಡಬ್ಬಿ ಬಿಚ್ಚಿದರೆ ಫ್ಯಾನಿನ ರೆಕ್ಕೆಗೆ ಹಿಟ್ಟಿನಂಥ ದೂಳು,
ದೂಳಿನೊಳಗೊಂದು ಸತ್ತ ಹುಳ.
ಬ್ರಷ್ಷು ಹಿಡಿದು ಕೂರುತ್ತೇನೆ ನಾನು,
ತಿಂಗಳಿಗೊಂದು ಭೇಟಿ, ವರ್ಷದ ಕರಾರು,
ಪೆಟ್ರೋಲು ನನ್ನದೇ.

ಈ ಸಲ ಕರೆದದ್ದು ದೂಳಿಗಲ್ಲ.
ಪಕ್ಕದ ಹತ್ತಿ ವ್ಯಾಪಾರಿಯ ಲೆಕ್ಕವೆಲ್ಲ ರಾತ್ರೋರಾತ್ರಿ
ಒಳಗಿನಿಂದ ಬೀಗ ಜಡಿದುಕೊಂಡು ಕೂತಿತ್ತು,
ಕೀಲಿಗೆ ಯಾರೋ ಕಾಣದ ನಾಣ್ಯದಲ್ಲಿ ರೇಟು ಹೇಳಿದ್ದರು.
ನಮ್ಮ ಸಂಘದ ಕಾರ್ಯದರ್ಶಿಗೆ ನಿದ್ದೆಯಿಲ್ಲ.
"ಎಲ್ಲಾ ನೋಡ್ಬಿಡಮ್ಮ, ಒಂದೂ ಬಿಡಬ್ಯಾಡ."

ನೋಡಿದೆ.
ಒಂಬತ್ತು ಮಿಷನ್ನು, ಒಂದೇ ಪಾಸ್‌ವರ್ಡು,
ಅದೂ ಮಾನಿಟರಿನ ಹಣೆಗೆ ವಿಭೂತಿಯ ಹಾಗೆ ಅಂಟಿಸಿದ್ದು.
ಬ್ರೌಸರಿನ ಭದ್ರತೆಯ ಗೀಟು ಇಳಿದಿಳಿದು
ತಳ ಮುಟ್ಟಿದೆ.
ಯಾರು ಇಳಿಸಿದ್ದು?
"ತೂಕದ ಚೀಟಿ ಬರ್ತಿರ್ಲಿಲ್ಲ. ಯಾವನೋ ಹುಡುಗ ಬಂದು
ಏನೋ ಒತ್ತಿ ಹೋದ. ಆವಾಗಿಂದ ಬರ್ತತಿ."

ಕೊನೆಯ ಮೇಜು ಹಾಲೇಶಪ್ಪನವರದು.
ಮಿಷನ್ನು ಏಳುತ್ತಲೇ ಹಳದಿ ಚೌಕವೊಂದು ಜಿಗಿಯುತ್ತದೆ,
ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಕೆಳಗೆ ಎರಡು ಗುಂಡಿ.
ಚೌಕ ಪೂರ್ತಿ ಮೂಡುವುದರೊಳಗೆ
ಅವರ ಬೆರಳು ಎಡದ್ದನ್ನು ಒತ್ತಿಯಾಗಿರುತ್ತದೆ.
ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಾಗ
ಬೈಕು ವಾಲಿಸಿ, ತಲೆ ತಗ್ಗಿಸಿ ನುಸುಳುತ್ತಾರಲ್ಲ
ಹಳಿಯತ್ತ ಕಣ್ಣೂ ಹಾಯಿಸದೆ,
ಹಾಗೆ.
ನಾನೂ ನುಸುಳಿದ್ದೇನೆ, ಅದು ಬೇರೆ ಮಾತು.

"ಸರ್, ಇದರಲ್ಲೇನು ಬರೆದಿದೆ ಗೊತ್ತಾ?"
"ಇಲ್ಲಮ್ಮ. ಎಡಕ್ಕೊತ್ತು ಅಂದ್ರು, ಒತ್ತೀನಿ.
ಹನ್ನೊಂದು ವರ್ಷ ಆತು."

ಓದಿ, ಕನ್ನಡದಲ್ಲಿ ಹೇಳಿದೆ:
ಈ ಪ್ಲಗಿನ್ ಹಳೆಯದಾಗಿದೆ.
ಮಾಡಿದವರು ಇದರ ಕೈ ಬಿಟ್ಟಿದ್ದಾರೆ.
ಇದನ್ನು ನಡೆಯಲು ಬಿಟ್ಟರೆ ಅಪಾಯವಾಗಬಹುದು.
ನಿಮ್ಮ ಒಪ್ಪಿಗೆ ಇದೆಯೇ?

ಹಾಲೇಶಪ್ಪ ಕನ್ನಡಕ ತೆಗೆದರು,
ಒರೆಸಲಿಲ್ಲ, ಸುಮ್ಮನೆ ಹಿಡಿದುಕೊಂಡರು.
"ಒಪ್ಪಿಗಿ ಕೇಳ್ತತಾ? ನನ್ನ?"
"ದಿನಾ."

ಹೊರಗೆ ಹಮಾಲರು ಚೀಲ ಎಣಿಸುತ್ತಿದ್ದರು,
ನಲವತ್ತೊಂದು, ನಲವತ್ತೆರಡು.
ಆಮೇಲೆ ಮೆಲ್ಲಗೆ, ಪರದೆಗೋ ನನಗೋ:
"ಗೋಡೌನಿಗೆ ಹಾಕಿದಾಗ ಕೇಳ್ಲಿಲ್ಲ.
ವಾಪಸ್ ಕರ್ಸಿದಾಗ್ಲೂ ಕೇಳ್ಲಿಲ್ಲ.
ನನ್ನ ಕುರ್ಚಿ ತಗಂಡು ಈ ಸ್ಟೂಲ್ ಇಟ್ರು,
ಕೇಳ್ಲಿಲ್ಲ."

ನಾಲ್ಕಕ್ಕೆ ಮಂಡಕ್ಕಿ ಬಂತು, ಮೆಣಸಿನಕಾಯಿ ಬಂತು,
ಕೀಬೋರ್ಡಿನಿಂದ ದೂರ ಇಡಿ ಎಂದೆ, ಯಾರೂ ಇಡಲಿಲ್ಲ.
ಪ್ಲಗಿನ್ನಿಗೆ ಹೊಸ ಆವೃತ್ತಿಯಿಲ್ಲ.
ಸಾಫ್ಟ್‌ವೇರು ಬರೆದುಕೊಟ್ಟ ಕಂಪನಿಯ ನಂಬರಿಗೆ
ಈಗ ಹರಿಹರದ ಟೈಲರೊಬ್ಬ ಹಲೋ ಅನ್ನುತ್ತಾನೆ.
ಪೂರ್ತಿ ತೆಗೆದರೆ ಚೀಟಿ ನಿಲ್ಲುತ್ತದೆ,
ಚೀಟಿ ನಿಂತರೆ ಅಂಗಳದ ಲಾರಿ.

ಎಂಟು ಮಿಷನ್ನಿನಲ್ಲಿ ಬೇರುಸಹಿತ ಕಿತ್ತೆ,
ಗೀಟನ್ನು ಮೇಲೆಳೆದೆ, ಪಾಸ್‌ವರ್ಡಿನ ವಿಭೂತಿ ಅಳಿಸಿದೆ.
ಒಂಬತ್ತನೆಯದಕ್ಕೆ ಬೇಕಾದದ್ದೆಲ್ಲ ಅದರ ಹೊಟ್ಟೆಯಲ್ಲೇ ಇದೆ,
ನೀಲಿ ವೈರು ಬಿಚ್ಚಿ
ಕ್ಯಾಲೆಂಡರಿನ ಮೊಳೆಗೆ ತೂಗುಹಾಕಿದೆ.
ಇನ್ನದು ಊರಿನ ಸುದ್ದಿಗೆ ಹೋಗದು.
ಲೆಕ್ಕ ಸಂಜೆ ಪೆನ್‌ಡ್ರೈವಿನಲ್ಲಿ ನಡೆದು ಬರುತ್ತದೆ,
ಬೆನ್ನಿಗೇನು ಹತ್ತಿ ಬರುತ್ತದೋ, ಆ ಹೆದರಿಕೆ ನನ್ನ ಪಾಲಿಗೆ.

ಚೌಕ ಮತ್ತೆ ಕಾಣದಂತೆ ಮಾಡಲು
ಮೂಲೆಯಲ್ಲೊಂದು ಸಣ್ಣ ಟಿಕ್ಕಿದೆ.
ಬಾಣ ಅಲ್ಲಿಗೆ ಒಯ್ದವಳು ನಿಂತೆ.
"ಹಾಕಲಾ ಸರ್?"
"ಬ್ಯಾಡ," ಅಂದರು. "ಕೇಳ್ಲಿ."

ರಿಪೋರ್ಟಿನಲ್ಲಿ ಬರೆದೆ: ಒಂಬತ್ತನೆಯ ಯಂತ್ರ,
ಜಾಲದಿಂದ ಬೇರ್ಪಡಿಸಲಾಗಿದೆ. ಎಚ್ಚರಿಕೆಯನ್ನು
ಬಳಕೆದಾರರ ಕೋರಿಕೆಯ ಮೇರೆಗೆ ಉಳಿಸಲಾಗಿದೆ.

ಮುಂದಿನ ತಿಂಗಳು ಹೋದಾಗ ಕಾರ್ಯದರ್ಶಿಯ ದೂರು:
"ಬೆಳಗ್ಗೆ ಮೊದಲ್ನೇ ಚೀಟಿ ಐದು ನಿಮಿಷ ತಡ ಆಗ್ತತಿ ಕಣಮ್ಮ.
ಅದೇನೋ ಓದ್ತಾ ಕುಂತಿರ್ತಾನೆ."